ಈರಣ್ಣ ಗೆಡ್ಡೆ ಮಾಡಿದ್ದು

ಜಪಾನಿ ಭಾಷೆ ಅಂದರೆ ಕನ್ನಡವೇ, ಪದಗಳು ಮಾತ್ರ ಬೇರೆ ಎಂಬುದು ಈರಣ್ಣನವರ ಸಿದ್ಧಾಂತ. ಜಪಾನಿನ ನೋಮಿ ಎಂಬ ಈ ಊರಿಗೆ ಹೊಸದಾಗಿ ಬರುವ ಪ್ರತಿ ಕನ್ನಡದ ವಿದ್ಯಾರ್ಥಿಗೂ ಅವರು ಅದನ್ನು ಮೊದಲ ವಾರದಲ್ಲೇ ಬೋಧಿಸುತ್ತಾರೆ. ಪಿಎಚ್‌ಡಿ ಮಾಡಲು ಬಂದ ನನಗೂ ಬೋಧಿಸಿದರು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಮ್ಮ ಹಾಗೇ. ವಿಭಕ್ತಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ, ನಮ್ಮ ಹಾಗೇ. ಎಲ್ಲಕ್ಕಿಂತ ದೊಡ್ಡದು ‘ಮಾಡು’. ನಾವು ಫೋನ್ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಪಾರ್ಕ್ ಮಾಡುತ್ತೇವೆ, ಅಡ್ಜಸ್ಟ್ ಮಾಡುತ್ತೇವೆ. ಜಪಾನಿನವರು ಅದೇ ಜಾಗದಲ್ಲಿ ‘ಶಿಮಾಸು’ ಅನ್ನುತ್ತಾರೆ. ಆದ್ದರಿಂದ ಕ್ರಿಯಾಪದ ನೆನಪಾಗದ ಕಡೆ ಒಂದು ನಾಮಪದ ಹಿಡಿದು ಅದರ ಬೆನ್ನಿಗೆ ಶಿಮಾಸು ಹಚ್ಚಿದರೆ ಕೆಲಸ ಆಗುತ್ತದೆ. ಒಂಬತ್ತು ವರ್ಷ ಅವರು ಇದೊಂದೇ ಸೂತ್ರದ ಮೇಲೆ ಈ ದೇಶದಲ್ಲಿ ದಿನ ತೆಗೆದಿದ್ದರು. ಬ್ಯಾಂಕು, ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಎಲ್ಲ ಕಡೆಯೂ ನಡೆದುಹೋಗಿತ್ತು. ಸೂತ್ರ ಕೈಕೊಟ್ಟದ್ದು ಒಂದೇ ಸಲ, ಗೆಡ್ಡೆಯ ವಿಷಯದಲ್ಲಿ.

ಈರಣ್ಣ ಹಿರಿಯೂರಿನವರು. ಅಲ್ಲಿ ಅವರ ಮನೆಯದು ಈರುಳ್ಳಿ ಮಂಡಿ. ಈಗ ಅಣ್ಣ ನೋಡಿಕೊಳ್ಳುತ್ತಾರೆ. ಆದರೂ ತಾಯಿ ಕಮಲಾಕ್ಷಮ್ಮನವರಿಗೆ ಬೆಳಿಗ್ಗೆ ಒಮ್ಮೆ ಮಂಡಿಗೆ ಹೋಗಿ ಯಾರನ್ನಾದರೂ ಗದರಿಸಿ ಬಾರದಿದ್ದರೆ ಕಾಫಿ ರುಚಿಸುವುದಿಲ್ಲ. ಈರಣ್ಣ ನಮ್ಮ ಯೂನಿವರ್ಸಿಟಿಯ ಲ್ಯಾಬುಗಳಲ್ಲಿ ಮೈಕ್ರೋಸ್ಕೋಪು, ವ್ಯಾಕ್ಯೂಮ್ ಪಂಪುಗಳನ್ನು ನೋಡಿಕೊಳ್ಳುವ ಟೆಕ್ನಿಕಲ್ ಸ್ಟಾಫ್. ಮೂವತ್ತೆಂಟು ವಯಸ್ಸು, ಮದುವೆಯಾಗಿಲ್ಲ. ಊರಿಗೆ ಹೋದಾಗಲೆಲ್ಲ ಹೆಣ್ಣು ತೋರಿಸಿದ್ದಾರೆ, ಒಟ್ಟು ಏಳು ಸಲ. ಏಳು ಸಲವೂ ಇವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಫ್ಯಾನಿನ ಸದ್ದು ಬೇರಿಂಗಿನದೋ ಕೆಪಾಸಿಟರಿನದೋ ಎಂದು ಯೋಚಿಸುತ್ತ ಕೂತು ಎದ್ದು ಬಂದರಂತೆ. ಕೆಟ್ಟ ಪಂಪಿನ ಜೊತೆ ಅರ್ಧ ದಿನ ಮಾತಾಡುವ ಮನುಷ್ಯನಿಗೆ ತನಗೆ ಏನು ಬೇಕು ಎಂದು ಇನ್ನೊಬ್ಬರಿಗೆ ಹೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ನನಗೆ ಅವರ ಮೇಲೆ ಪ್ರೀತಿ ಇರುವಷ್ಟೇ ಈ ವಿಷಯದಲ್ಲಿ ಸಿಟ್ಟೂ ಇತ್ತು.

ಎರಡು ವರ್ಷದ ಹಿಂದಿನ ಏಪ್ರಿಲ್. ನಮ್ಮ ಯೂನಿವರ್ಸಿಟಿ ಗುಡ್ಡದ ಮೇಲಿದೆ, ಕೆಳಗಿನ ಊರಿನಲ್ಲಿ ಒಂದು ಪ್ರಾಥಮಿಕ ಶಾಲೆ. ಹೊಸ ಮಕ್ಕಳು ಸೇರುವ ದಿನ ಅದರ ಗೇಟಿನ ಎರಡೂ ಬದಿಗೆ ನೀಲಿ ಪ್ಲಾಸ್ಟಿಕ್ ಕುಂಡಗಳ ಸಾಲು ಇಟ್ಟಿದ್ದರು. ಕೆಲವದರಲ್ಲಿ ಟ್ಯೂಲಿಪ್ ಅರಳಿತ್ತು, ಕೆಲವದರಲ್ಲಿ ಇನ್ನೂ ಮೊಗ್ಗು. ಪ್ರತಿ ಕುಂಡದ ಮೇಲೂ ಒಂದು ಮಗುವಿನ ಹೆಸರು. ಹೋದ ವರ್ಷ ಒಂದನೇ ಕ್ಲಾಸಿನಲ್ಲಿದ್ದವರು ಚಳಿಗಾಲಕ್ಕೆ ಮುಂಚೆ ಗೆಡ್ಡೆ ನೆಟ್ಟು, ಮುಂದೆ ಬರುವ ಪುಟ್ಟವರನ್ನು ಹೂವು ಎದುರುಗೊಳ್ಳಲಿ ಎಂದು ಬೆಳೆಸುವುದು ಇಲ್ಲಿನ ಶಾಲೆಗಳ ಪದ್ಧತಿ. ಈರಣ್ಣ ಸೈಕಲ್ ನಿಲ್ಲಿಸಿ ಒಂದೊಂದೇ ಹೆಸರು ಓದುತ್ತ ಹೋದರು. ಆರು ವರ್ಷದ ಮಗು ಮಾಡಿದ ಕೆಲಸವನ್ನು ತಾನು ಒಂಬತ್ತು ವರ್ಷದಲ್ಲಿ ಮಾಡಲಿಲ್ಲವಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಮುಂದಿನ ವಸಂತಕ್ಕೆ ತಮ್ಮ ಬಾಲ್ಕನಿಯಲ್ಲೂ ಹೂವು ಇರಲೇಬೇಕು ಎಂದು ಅವತ್ತೇ ತೀರ್ಮಾನವಾಯಿತು.

ಅಕ್ಟೋಬರಿನ ಒಂದು ಭಾನುವಾರ ನಾವಿಬ್ಬರೂ ಹೆದ್ದಾರಿಯ ಪಕ್ಕದ ಹೋಮ್ ಸೆಂಟರಿಗೆ ಹೋದೆವು. ನನಗೆ ಹೀಟರ್ ಬೇಕಿತ್ತು, ಅವರಿಗೆ ಗೆಡ್ಡೆ. ಗಿಡಗಳ ವಿಭಾಗದಲ್ಲಿ ಹಸಿರು ಏಪ್ರನ್ ತೊಟ್ಟ ಹೆಂಗಸೊಬ್ಬರು ಬಲೆ ಚೀಲಗಳನ್ನು ಜೋಡಿಸುತ್ತಿದ್ದರು. ನನಗಿಂತ ದೊಡ್ಡವರು, ಈರಣ್ಣನವರಿಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು. ಎದೆಯ ಮೇಲಿನ ಬಿಲ್ಲೆಯಲ್ಲಿ ‘ನಾಕಾದೆ’ ಎಂದು ಹೆಸರಿತ್ತು. ಈ ಕಡೆ ಇದು ಮಾಮೂಲಿ ಮನೆತನದ ಹೆಸರು, ಕರೆಯುವಾಗ ಗೌರವಕ್ಕೆ ಕೊನೆಯಲ್ಲಿ ‘ಸಾನ್’ ಸೇರಿಸುತ್ತಾರೆ. ನಾನು ಓದಿ ಹೇಳಿದಾಗ ಈರಣ್ಣ ಮೆಲ್ಲಗೆ, “ನಾವಿನ್ನೂ ಒಬ್ರೇ ಇದೀವಿ, ಇವರು ಆಗ್ಲೇ ನಾಕಾಗಿದಾರೆ” ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು ಅವರ ಮುಂದೆ ಹೋಗಿ ನಿಂತು, ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿದ್ದ ವಾಕ್ಯ ಒಪ್ಪಿಸಿದರು.

“ಸುಮಿಮಾಸೆನ್. ಹಾರು ನಿ, ಕ್ಯೂಕೋನ್ ಶಿತಾಯ್ ದೆಸು.”

ಕ್ಷಮಿಸಿ, ವಸಂತದಲ್ಲಿ ಗೆಡ್ಡೆ ಮಾಡಬೇಕು ಅಂತಿದ್ದೇನೆ ಎಂದು ಅವರ ಲೆಕ್ಕ. ಶಿಮಾಸುವೇ ‘ಮಾಡಬೇಕು’ ಅನ್ನುವಾಗ ಶಿತಾಯ್ ಆಗುತ್ತದೆ. ಕ್ಯೂಕೋನ್ ಅಂದರೆ ಗೆಡ್ಡೆ ಎಂಬುದು ನಿಜ. ಆದರೆ ಅಕ್ಷರಶಃ ಅದೇ ಉಚ್ಚಾರದ ಇನ್ನೊಂದು ಪದವಿದೆ, ಅದರ ಅರ್ಥ ಮದುವೆಯಾಗುತ್ತೀಯಾ ಎಂದು ಕೇಳುವುದು. ಗೆಡ್ಡೆಯನ್ನು ಕೊಳ್ಳಬಹುದು, ನೆಡಬಹುದು, ಈ ಭಾಷೆಯಲ್ಲಿ ‘ಮಾಡಲು’ ಬರುವುದಿಲ್ಲ. ಬೆನ್ನಿಗೆ ‘ಮಾಡು’ ಬಿದ್ದ ತಕ್ಷಣ ಉಳಿಯುವುದು ಎರಡನೆಯ ಅರ್ಥ ಮಾತ್ರ. ಕನ್ನಡದವರಲ್ಲದೆ ಬೇರೆ ಯಾರೂ ಇಷ್ಟು ಧೈರ್ಯವಾಗಿ ಈ ತಪ್ಪು ಮಾಡಲಾರರು.

ನಾಕಾದೆ-ಸಾನ್ ಚೀಲ ಕೆಳಗಿಟ್ಟು ನೆಟ್ಟಗೆ ನಿಂತರು. ಯಾರಿಗೆ ಎಂದು ತುಂಬ ಗೌರವದಿಂದ ಕೇಳಿದರು. ಈರಣ್ಣ, ಮನೆಯ ಬೆರಂದಾಗೆ ಎಂದರು. ಬೆರಂದಾ ಅಂದರೆ ನಮ್ಮ ವರಾಂಡವೇ, ಇಲ್ಲಿ ಬಾಲ್ಕನಿಗೆ ಹಾಗೆನ್ನುತ್ತಾರೆ. ಅಷ್ಟಕ್ಕೇ ಆಕೆಗೆ ವಿಷಯ ತಿಳಿದುಹೋಯಿತು, ಅದು ಅವರ ಕಣ್ಣಲ್ಲಿ ನನಗೆ ಕಾಣಿಸಿತು. ಆದರೆ ಮುಖ ಒಂದಿಷ್ಟೂ ಕದಲಲಿಲ್ಲ. ಎಷ್ಟು ಎಂದು ಕೇಳಿದರು. ಸುಮಾರು ನಲವತ್ತು ಎಂದರು ಈರಣ್ಣ. ಎಲ್ಲ ಒಂದೇ ಸಲವೋ ಎಂದರು. ಬೇಡ, ಒಂದಾದ ಮೇಲೆ ಒಂದು ಆದರೆ ಒಳ್ಳೆಯದು, ಬೇರೆ ಬೇರೆ ಬಣ್ಣದ್ದಿರಲಿ, ಎಂದರು ಈರಣ್ಣ. ನಾನು ಗೊಬ್ಬರದ ಮೂಟೆಗಳ ಹಿಂದೆ ಹೋಗಿ ಮಫ್ಲರ್ ಕಚ್ಚಿ ಹಿಡಿದಿದ್ದೆ. ನಾಕಾದೆ-ಸಾನ್ ಕೈ ಮುಂದೆ ಜೋಡಿಸಿ ಬಾಗಿ, “ಕಾಶಿಕೊಮಾರಿಮಾಶಿತಾ” ಎಂದರು. ಗಿರಾಕಿ ಏನಾದರೂ ಕೇಳಿದಾಗ ಇಲ್ಲಿನ ಅಂಗಡಿಯವರು ಹೇಳುವ ಮಾತು ಅದು, ಹಳೆಯ ಕಾಲದವರು ‘ಅಪ್ಪಣೆ’ ಅನ್ನುತ್ತಿದ್ದರಲ್ಲ ಹಾಗೆ.

ಗೆಡ್ಡೆ ಆರಿಸುವಾಗ ಈರಣ್ಣ ಜೇಬಿನಿಂದ ಡಿಜಿಟಲ್ ವರ್ನಿಯರ್ ತೆಗೆದರು. ಪ್ಯಾಕೆಟ್ ಮೇಲೆ ಹನ್ನೆರಡು ಸೆಂಟಿಮೀಟರ್ ಸುತ್ತಳತೆ ಎಂದು ಬರೆದಿದ್ದರೆ ಅದು ಹೌದೋ ಅಲ್ಲವೋ ನೋಡಬೇಕಲ್ಲ. ಒಂದೊಂದರ ವ್ಯಾಸ ಅಳೆದು, ಸುತ್ತಳತೆ ಲೆಕ್ಕ ಹಾಕಿ, ಕಡಿಮೆ ಬಂದದ್ದನ್ನು ಪಕ್ಕಕ್ಕಿಟ್ಟು, ಕೊನೆಗೆ ನಲವತ್ತು ಟ್ಯೂಲಿಪ್ ಗೆಡ್ಡೆ, ಎರಡು ದೊಡ್ಡ ಕುಂಡ ಕೊಂಡರು. ಪಾರ್ಕಿಂಗಿನಲ್ಲಿ ಕಾರಿಗೆ ತುಂಬುವಾಗ ನಾನು ಇನ್ನು ತಡೆಯಲಾರದೆ ಅವರು ಹೇಳಿದ್ದರ ಅರ್ಥ ವಿವರಿಸಿದೆ. ಅವರು ಕುಂಡ ಹಿಡಿದುಕೊಂಡೇ ಕಲ್ಲಾಗಿ ನಿಂತರು. ಇನ್ನು ಈ ಜನ್ಮದಲ್ಲಿ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದರು. ಮನೆಗೆ ಬಂದು ನೋಡಿದರೆ ವರ್ನಿಯರ್ ಇಲ್ಲ. ಗೆಡ್ಡೆಗಳ ನಡುವೆಯೇ ಬಿಟ್ಟು ಬಂದಿದ್ದರು. ನೀನು ಹೋಗಿ ತಂದುಕೊಡು ತಾಯಿ ಎಂದು ಗೋಗರೆದರು. ನಾನು ಸುತರಾಂ ಒಪ್ಪಲಿಲ್ಲ.

ಮುಂದಿನ ಭಾನುವಾರ ಕ್ಷಮೆ ಕೇಳುವ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋದರು. ನಾನೂ ತಮಾಷೆ ನೋಡಲು ಹಿಂದೆಯೇ ಹೋದೆ. ನಾಕಾದೆ-ಸಾನ್ ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದ ವರ್ನಿಯರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಈರಣ್ಣ ವಾಕ್ಯ ಶುರು ಮಾಡುವ ಮೊದಲೇ, ಬೆರಂದಾ-ಸಾನ್ ಏನಂದರು, ಒಪ್ಪಿದರೇ ಎಂದು ವಿಚಾರಿಸಿದರು. ಈರಣ್ಣ ಒಂದು ಕ್ಷಣ ಪೆಚ್ಚಾಗಿ, ಆಮೇಲೆ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮೊದಲ ವರ್ಷದ ಹೂಗಳ ಕಥೆ ಚಿಕ್ಕದು. ನವೆಂಬರಿನಲ್ಲಿ ನೆಟ್ಟರು. ವೀಡಿಯೋ ಕಾಲಿನಲ್ಲಿ ಕಂಡ ಕಮಲಾಕ್ಷಮ್ಮ, ಈರುಳ್ಳಿ ಬೇಡ ಅಂತ ಸಮುದ್ರ ದಾಟಿ ಹೋದವನು ಅಲ್ಲಿ ಕುಂಡದಲ್ಲಿ ಈರುಳ್ಳಿ ಹಾಕುತ್ತಿದ್ದಾನಲ್ಲ ಎಂದು ಮನೆಮಂದಿಯನ್ನೆಲ್ಲ ಕರೆದು ತೋರಿಸಿದರು. ಡಿಸೆಂಬರಿನಲ್ಲಿ ಹಿಮ ಬೀಳತೊಡಗಿದಾಗ ಹಿರಿಯೂರಿನ ಬಿಸಿಲಲ್ಲಿ ಬೆಳೆದ ಜೀವಕ್ಕೆ ತಡೆಯಲಾಗಲಿಲ್ಲ. ಎರಡೂ ಕುಂಡಗಳನ್ನು ಒಳಗೆ ತಂದು ಹೀಟರಿನ ಪಕ್ಕ ಇಟ್ಟರು. ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಂಡು, ಗಂಟೆಗೊಮ್ಮೆ ಟೆಂಪರೇಚರ್ ದಾಖಲಾಗುವ ಸಾಧನ ಬೇರೆ ಮಣ್ಣಿಗೆ ಚುಚ್ಚಿದರು. ಏಪ್ರಿಲಿನಲ್ಲಿ ಬಂದದ್ದು ಎಲೆ, ಮತ್ತೆ ಎಲೆ. ನಲವತ್ತರಲ್ಲಿ ಒಂದೂ ಹೂ ಬಿಡಲಿಲ್ಲ.

ಟೆಂಪರೇಚರಿನ ಗ್ರಾಫ್ ಪ್ರಿಂಟ್ ತೆಗೆದುಕೊಂಡು ಹೋಗಿ ನಾಕಾದೆ-ಸಾನ್‌ಗೆ ತೋರಿಸಿದರು. ಆಕೆ ಅದನ್ನು ಗಂಭೀರವಾಗಿ ನೋಡಿ, ಇಷ್ಟು ಮುದ್ದು ಮಾಡಿದರೆ ಯಾವ ಗೆಡ್ಡೆಯೂ ಹೂ ಬಿಡುವುದಿಲ್ಲ ಎಂದರು. ಗೆಡ್ಡೆಯ ಹೊಟ್ಟೆಯಲ್ಲಿ ಹೂವು ಮೊದಲೇ ಇರುತ್ತದೆ, ಆದರೆ ಎರಡು ಮೂರು ತಿಂಗಳು ಚೆನ್ನಾಗಿ ಚಳಿ ತಿಂದ ಮೇಲೆಯೇ ಅದು ಮೇಲೆದ್ದು ಬರುವುದು. ಹಿಮ ಬಿದ್ದರೆ ಬೀಳಲಿ, ಮುಚ್ಚಿದರೆ ಮುಚ್ಚಲಿ. ಈರಣ್ಣ ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಗೊಬ್ಬರ ಕೊಳ್ಳುವ ನೆಪದಲ್ಲಿ ಮುಂದಿನ ಭಾನುವಾರವೂ ಹೋದರು. ಅದರ ಮುಂದಿನ ಭಾನುವಾರ ನೀರು ಹಾಕುವ ಕ್ಯಾನು. ಆ ಬೇಸಿಗೆ ಮುಗಿಯುವ ಹೊತ್ತಿಗೆ, ಕುಂಡದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಅವರ ಬಾಲ್ಕನಿಯಲ್ಲಿ ನೀರು ಹಾಕುವ ಕ್ಯಾನುಗಳು ಐದಾಗಿದ್ದವು. ಒಮ್ಮೊಮ್ಮೆ ನಾಕಾದೆ-ಸಾನ್ ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದ ಉದೋನ್ ನೂಡಲ್ಸ್ ಅಂಗಡಿಗೆ ಬರುತ್ತಿದ್ದರು, ಇಬ್ಬರೂ ಎದುರುಬದುರು ಕೂತು ಸೊರಸೊರ ತಿನ್ನುತ್ತಿದ್ದರು. ಈರಣ್ಣ ಆಕೆಗೆ ‘ಊಟ ಆಯ್ತಾ’ ಕಲಿಸಿದ್ದರು. ಭಾನುವಾರ ನಾವು ಒಳಗೆ ಕಾಲಿಟ್ಟ ಕೂಡಲೇ ಗಿಡಗಳ ನಡುವಿನಿಂದ “ಊತಾ ಆಯ್ತಾ?” ಎಂಬ ಸ್ವರ ಬರುತ್ತಿತ್ತು. ನನಗೆ ಅದನ್ನು ಕೇಳಲು ಎಷ್ಟು ಹಿತವಾಗುತ್ತಿತ್ತು ಅಂದರೆ ಥೀಸಿಸ್ ಬರೆಯುವುದು ಬಿಟ್ಟು ಹೋಗುತ್ತಿದ್ದೆ.

ಎರಡನೆಯ ಅಕ್ಟೋಬರಿನಲ್ಲಿ ಈರಣ್ಣ ವರ್ನಿಯರ್ ಒಯ್ಯಲಿಲ್ಲ. ಗೆಡ್ಡೆಯನ್ನು ಅಂಗೈಲಿ ತೂಗಿ ನೋಡಿದರು. ಹೆಬ್ಬೆರಳಿನಿಂದ ಕುತ್ತಿಗೆ ಒತ್ತಿದರು, ಮೆತ್ತಗಿದ್ದರೆ ಕೆಳಗೆ ಇಟ್ಟರು. ತಿರುಗಿಸಿ ಬುಡ ನೋಡಿದರು, ಮೂಸಿದರು. ಸಿಪ್ಪೆ ಸ್ವಲ್ಪ ಸುಲಿದಿದ್ದರೂ ಒಳಗೆ ಗಟ್ಟಿಯಿದ್ದದ್ದನ್ನು ಆರಿಸಿದರು, ನೋಡಲು ಹೊಳೆಯುತ್ತಿದ್ದರೂ ಹಗುರವಾದದ್ದನ್ನು ಬಿಟ್ಟರು. ಅದು ಹಿರಿಯೂರಿನ ಮಂಡಿಯಲ್ಲಿ ಅವರ ತಂದೆ ಈರುಳ್ಳಿ ಆರಿಸುತ್ತಿದ್ದ ಕ್ರಮ. ಇಷ್ಟು ವರ್ಷ ಅವರ ಕೈ ಅದನ್ನು ಮರೆತಿರಲಿಲ್ಲ. ನಾಕಾದೆ-ಸಾನ್ ಕೆಲಸ ನಿಲ್ಲಿಸಿ ನೋಡುತ್ತ ನಿಂತಿದ್ದರು. ಪಕ್ಕದ ಜಿಲ್ಲೆ ತೊಯಾಮಾದಲ್ಲಿ ಅವರ ತಾಯಿಯ ತವರು, ಅಜ್ಜ ಟ್ಯೂಲಿಪ್ ಗೆಡ್ಡೆ ಬೆಳೆಯುತ್ತಿದ್ದವರು. ಅವರೂ ಹೀಗೇ ಕುತ್ತಿಗೆ ಒತ್ತಿ ನೋಡುತ್ತಿದ್ದರಂತೆ. ಗೆಡ್ಡೆ ದಪ್ಪವಾಗಲೆಂದು ಹೊಲದಲ್ಲಿ ಅರಳಿದ ಹೂವನ್ನೆಲ್ಲ ಎರಡು ದಿನದಲ್ಲಿ ಕಿತ್ತು ಹಾಕುತ್ತಾರೆ, ಚಿಕ್ಕವಳಿದ್ದಾಗ ಅದನ್ನು ನೋಡಲಾಗದೆ ತಾನು ಅತ್ತು ರಂಪ ಮಾಡುತ್ತಿದ್ದೆ, ಅದಕ್ಕೇ ಈಗ ಹೂವಿಗಾಗಿ ಗೆಡ್ಡೆ ಕೊಳ್ಳುವವರನ್ನು ಕಂಡರೆ ತನಗೆ ಇಷ್ಟ ಎಂದು ಆಕೆ ಹೇಳಿದರು. ಈರಣ್ಣ ಇನ್ನೊಂದು ಗೆಡ್ಡೆ ಕೈಗೆತ್ತಿಕೊಂಡರು. ಅದಕ್ಕೆ ಮೊದಲು ಏನೋ ಹೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ.

ಅವತ್ತು ಕಾರಿನಲ್ಲಿ ಅವರು ತಮ್ಮ ಪ್ಲಾನ್ ಹೇಳಿದರು. ಈ ಸಲ ಎಲ್ಲ ತಡವಾಗಿ ಅರಳುವ, ಅಂಚಿನಲ್ಲಿ ಜಾಲರಿ ಇರುವ ದೊಡ್ಡ ಟ್ಯೂಲಿಪ್ ಆರಿಸಿದ್ದಾರೆ. ಏಪ್ರಿಲ್ ಕೊನೆಗೆ ಕುಂಡ ತುಂಬ ಅರಳುತ್ತವೆ. ಅವಾಗ ನಾಕಾದೆ-ಸಾನ್‌ರನ್ನು ನೋಡಲು ಕರೆಯುತ್ತಾರೆ. ಕರೆದು, ಹೋದ ವರ್ಷ ತಪ್ಪಾಗಿ ಹೇಳಿದ್ದನ್ನು ಈ ಸಲ ಸರಿಯಾಗಿ ಹೇಳುತ್ತಾರೆ. ನನಗೆ ಸಂತೋಷವಾಗಿ ಅವರ ಬೆನ್ನಿಗೆ ಒಂದು ಗುದ್ದಿದೆ, ಕಾರು ಸ್ವಲ್ಪ ಅಡ್ಡ ಹೋಯಿತು.

ಆದರೆ ನಾಕಾದೆ-ಸಾನ್ ಬರೀ ಟ್ಯೂಲಿಪ್ ನೆಡಲು ಬಿಟ್ಟಿರಲಿಲ್ಲ. ಈ ಸಲ ಒಂದೇ ಕುಂಡ ಸಾಕು, ಅದು ಆಳವಿದೆ, ಜಾಗ ದಂಡ ಮಾಡಬಾರದು ಎಂದು ಅವರ ವಾದ. ಎಲ್ಲಕ್ಕಿಂತ ಕೆಳಗೆ ಟ್ಯೂಲಿಪ್, ಅದರ ಚಪ್ಪಟೆ ಬೆನ್ನು ಕುಂಡದ ಗೋಡೆಯ ಕಡೆ ಬರಬೇಕು, ಆಗ ಮೊದಲ ಎಲೆ ಹೊರಕ್ಕೆ ಬಾಗುತ್ತದೆ. ಮೇಲೆ ಮಣ್ಣು. ಅದರ ಮೇಲೆ ಡ್ಯಾಫೊಡಿಲ್. ಮತ್ತೆ ಮಣ್ಣು. ಎಲ್ಲಕ್ಕಿಂತ ಮೇಲೆ ಕ್ರೋಕಸ್. ಟಿಫಿನ್ ಕ್ಯಾರಿಯರ್ ಅನ್ನಿ ಎಂದು ನಾನು ಈರಣ್ಣನವರಿಗೆ ಅರ್ಥ ಮಾಡಿಸಿದೆ. ಕ್ರೋಕಸ್ ಗೆಡ್ಡೆ ಬೆಳ್ಳುಳ್ಳಿ ಎಸಳಿನಷ್ಟಿತ್ತು. ಬಿಡುವ ಹೂವೂ ಬೆರಳುದ್ದದ್ದು. ಇದನ್ನು ಹಾಕಿ ಏನು ಪ್ರಯೋಜನ ಎಂದು ಈರಣ್ಣ ಮೂಗು ಮುರಿದರು. ನಾಕಾದೆ-ಸಾನ್ ತಾವೇ ಆರು ಆರಿಸಿ, ಇದು ಎಲ್ಲಕ್ಕಿಂತ ಮೊದಲು ಬರುತ್ತದೆ, ನನ್ನ ಮಾತಿಗಾಗಿಯಾದರೂ ಹಾಕಿ ಎಂದು ಕೈಯಲ್ಲಿಟ್ಟರು. ಅವರ ಮಾತಿಗಾಗಿ ಅಂದ ಮೇಲೆ ಇನ್ನು ಚರ್ಚೆ ಎಲ್ಲಿಯದು.

ಆ ಚಳಿಗಾಲ ಕುಂಡ ಬಾಲ್ಕನಿಯ ತುದಿಯಲ್ಲಿ ಹಿಮಕ್ಕೆ ಮೈಯೊಡ್ಡಿ ಕೂತಿತ್ತು. ಜನವರಿಯಲ್ಲಿ ಎರಡು ವಾರ ಅದು ಕಾಣಿಸಲೇ ಇಲ್ಲ. ಈರಣ್ಣ ಒಳಗೆ ಗಾಜಿನ ಬಾಗಿಲ ಬಳಿ ಕೂತು ಅದನ್ನು ನೋಡುತ್ತ ಚಹಾ ಕುಡಿಯುತ್ತಿದ್ದರು. ಒಳಗೆ ತರಬೇಕೆಂದು ಕೈ ತುರಿಸುತ್ತಿದ್ದರೂ ತಡೆದುಕೊಂಡರು.

ಮಾರ್ಚ್ ಮೂರನೆಯ ಭಾನುವಾರ ಅವರೊಬ್ಬರೇ ಹೋಮ್ ಸೆಂಟರಿಗೆ ಹೋಗಿ ಅರ್ಧ ಗಂಟೆಯಲ್ಲೇ ವಾಪಸ್ ಬಂದರು. ನನಗೆ ಫೋನ್ ಮಾಡಿ ಬಾ ಎಂದರು. ಹೋಗಿ ನೋಡಿದರೆ ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ಕೂತಿದ್ದರು. ನಾಕಾದೆ-ಸಾನ್‌ಗೆ ಒಸಾಕಾಗೆ ವರ್ಗವಾಗಿದೆ. ಪ್ರಮೋಷನ್ ಮೇಲೆ, ಅಲ್ಲಿನ ದೊಡ್ಡ ಅಂಗಡಿಯ ಗಿಡಗಳ ವಿಭಾಗಕ್ಕೇ ಮುಖ್ಯಸ್ಥೆ. ಏಪ್ರಿಲ್ ಒಂದಕ್ಕೆ ಅಲ್ಲಿರಬೇಕು. ಇಲ್ಲಿ ಅವರ ಕೊನೆಯ ದಿನ ಮುಂದಿನ ಭಾನುವಾರ.

“ನೀವೇನಂದ್ರಿ?” ಎಂದು ಕೇಳಿದೆ.

“ಕಂಗ್ರಾಜುಲೇಶನ್ಸ್ ಅಂದೆ.”

ನನಗೆ ಬಂದ ಸಿಟ್ಟಿಗೆ ಐದು ಕ್ಯಾನುಗಳಲ್ಲಿ ಒಂದನ್ನು ಎತ್ತಿ ಎಸೆಯಬೇಕೆನಿಸಿತು. ಈಗಲೇ ವಾಪಸ್ ಹೋಗಿ ಹೇಳಿ ಬನ್ನಿ, ಬೇಕಾದರೆ ಪಕ್ಕದಲ್ಲಿ ನಿಂತು ನಾನು ಪ್ರಾಂಪ್ಟ್ ಮಾಡುತ್ತೇನೆ ಎಂದೆ. ಈರಣ್ಣ ಆಗದೆಂದು ತಲೆಯಾಡಿಸಿದರು. ಬಾಲ್ಕನಿಯ ಕುಂಡ ತೋರಿಸಿದರು. ಟ್ಯೂಲಿಪ್ ಅಂದರೆ ಮಣ್ಣಿನಿಂದ ಎದ್ದ ನಾಲ್ಕು ಹಸಿರು ಮೂಗು. ಅರಳಲು ಇನ್ನೂ ಒಂದು ತಿಂಗಳು ಬೇಕು. ತಡವಾಗಿ ಬರುವುದನ್ನೇ ಹುಡುಕಿ ಹುಡುಕಿ ಆರಿಸಿದ್ದವರು ಅವರೇ ಅಲ್ಲವೇ.

“ಹೂವಿಲ್ದೇನೂ ಹೇಳ್ಬೋದಲ್ಲ ಈರಣ್ಣ.”

“ಇಲ್ಲ ಕಣಮ್ಮ. ಆ ಪದಾನ ನಾನು ಒಂದ್ಸಲ ತಪ್ಪಾಗಿ ಹೇಳಿಬಿಟ್ಟಿದೀನಿ. ಈಗ ಬರಿಗೈಲಿ ಹೋಗಿ ಅದನ್ನೇ ಹೇಳಿದ್ರೆ, ಮತ್ತೆ ಹಳೇ ಜೋಕು ಹೇಳ್ತಿದಾನೆ ಅಂತ ನಗ್ತಾರೆ ಅಷ್ಟೆ. ಆಮೇಲೆ ನಾನು ಇನ್ನೊಂದ್ಸಲ ಹೇಳಕ್ಕಾಗಲ್ಲ. ನಂಗೆ ಗೊತ್ತು.”

ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಏಳು ಸಲ ಕಾಫಿ ಕುಡಿದು ಎದ್ದು ಬಂದ ಮನುಷ್ಯ. ಎಂಟನೆಯ ಸಲ ಆಕೆ ನಕ್ಕುಬಿಟ್ಟರೆ ಮತ್ತೆಂದೂ ಬಾಯಿ ಬಿಡುವುದಿಲ್ಲ. ಆ ವಾರ ಲ್ಯಾಬಿನಲ್ಲಿ ಯಾವ ಪಂಪಿನ ಜೊತೆಗೂ ಅವರು ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ನನ್ನ ಫೋನಿಗೆ ಅವರಿಂದ ಒಂದು ಫೋಟೋ ಬಂತು. ಕುಂಡದ ಮಣ್ಣಿನಿಂದ ಬೆರಳುದ್ದದ ಆರು ಮೊಗ್ಗು ಮೇಲೆದ್ದಿದ್ದವು. ನೇರಳೆ ಬಣ್ಣ, ಬಿಗಿಯಾಗಿ ಸುತ್ತಿಕೊಂಡಿದ್ದವು. ಕ್ರೋಕಸ್. ಕೆಳಗೆ ಈರಣ್ಣ ಬರೆದಿದ್ದರು: ಇವು ಇದ್ದದ್ದೇ ಮರೆತುಹೋಗಿತ್ತು.

ಭಾನುವಾರ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಆಕಾಶ ಬೂದಿ ಬಣ್ಣ, ಆರು ಡಿಗ್ರಿ. ಕ್ರೋಕಸ್ ಬಿಸಿಲಿಲ್ಲದೆ ಬಾಯಿ ಬಿಡುವುದಿಲ್ಲ. ಹನ್ನೊಂದು ಗಂಟೆಯಾದರೂ ಆರಕ್ಕೆ ಆರೂ ಮುದುಡಿಕೊಂಡೇ ಇದ್ದವು. ಆದದ್ದಾಗಲಿ ಎಂದು ಕುಂಡವನ್ನು ಕಾರ್ ಹತ್ತಿಸಿದೆವು. ಹತ್ತಿಸಿದೆವು ಅಂದರೆ, ಹನ್ನೆರಡು ಕಿಲೋ ಒದ್ದೆ ಮಣ್ಣನ್ನು ನನ್ನ ತೊಡೆಯ ಮೇಲೆ ಇಟ್ಟು ಈರಣ್ಣ ಬಾಗಿಲು ಹಾಕಿದರು. ಹೋಮ್ ಸೆಂಟರ್ ಪಾರ್ಕಿಂಗಿಗೆ ಬಂದು ನಿಲ್ಲಿಸಿದರೂ ಹೂವುಗಳ ಪಟ್ಟು ಸಡಿಲಲಿಲ್ಲ. ಈರಣ್ಣ ಅವನ್ನೇ ನೋಡುತ್ತ ಕೂತರು. ಆಮೇಲೆ ಕೈ ಚಾಚಿ ಹೀಟರ್ ತಿರುಗಿಸಿದರು. ಎರಡಕ್ಕೆ, ಮೂರಕ್ಕೆ, ಕೊನೆಗೆ ಪೂರ್ತಿ.

ಅದು ಅವರ ಹಳೆಯ ತಪ್ಪೇ ಎಂದು ನೆನಪಿಸಲು ಹೊರಟೆ. ಅವರು ಸನ್ನೆಯಲ್ಲೇ ಸುಮ್ಮನಿರಿಸಿದರು. ಚಳಿಯ ಕೆಲಸ ಮುಗಿದಿದೆ, ಈಗ ಬೇಕಾದದ್ದು ಬಿಸಿ ಎಂದರು. ಕಾರೊಳಗೆ ಮೇ ತಿಂಗಳ ಹಿರಿಯೂರು. ನಾನು ಕೋಟು ಬಿಚ್ಚುವಂತಿಲ್ಲ, ಮಡಿಲಲ್ಲಿ ಕುಂಡ. ಬೆವರು ಕಣ್ಣಿಗಿಳಿಯುತ್ತಿತ್ತು, ಕಾಲು ಮರಗಟ್ಟಿತ್ತು. ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಕಾಲು ಗಂಟೆಯಾದ ಮೇಲೆ ಮಧ್ಯದ ಮೊಗ್ಗು ಸ್ವಲ್ಪ ಸಡಿಲವಾಯಿತು. ಬಯ್ಯುವುದನ್ನು ನಿಲ್ಲಿಸಿದೆ. ಅದರ ಪಕ್ಕದ್ದು, ಆಮೇಲೆ ಆಚೆಯದು. ಕಣ್ಣೆದುರಿಗೇ ಒಂದೊಂದಾಗಿ ಎಸಳು ಬಿಚ್ಚಿದವು, ಒಳಗಿನ ಕಿತ್ತಳೆ ಬಣ್ಣದ ಕೇಸರ ಕಾಣಿಸಿತು. ಕೊನೆಗೆ ಆರನೆಯದೂ ತೆರೆಯಿತು. ನನಗೆ ಯಾಕೋ ಅಳು ಬಂದುಬಿಟ್ಟಿತ್ತು, ಬೆವರಿನಲ್ಲಿ ಗೊತ್ತಾಗಲಿಲ್ಲ.

ಈರಣ್ಣ ಕುಂಡ ಎತ್ತಿಕೊಂಡು, ಮೇಲೆ ತಮ್ಮ ಕೋಟು ಹೊದಿಸಿ, ಹೆಚ್ಚುಕಡಿಮೆ ಓಡಿಕೊಂಡೇ ಒಳಗೆ ಹೋದರು. ನಾನು ಮರಗಟ್ಟಿದ ಕಾಲಿನಲ್ಲಿ ಕುಂಟುತ್ತ ಹಿಂದೆ. ನಾಕಾದೆ-ಸಾನ್ ಪ್ಯಾನ್ಸಿ ಸಸಿಗಳ ಟ್ರೇ ಎತ್ತಿಡುತ್ತಿದ್ದರು. ನಮ್ಮನ್ನು ಕಂಡು “ಊತಾ ಆಯ್ತಾ?” ಎಂದರು. ಯಾವಾಗಲೂ ಆಯ್ತು ಅನ್ನುವ ಈರಣ್ಣ ಅವತ್ತು ಸೀದಾ ಮೇಜಿನ ಬಳಿಗೆ ನಡೆದರು. ಕುಂಡವನ್ನು ಮೇಜಿನ ಮೇಲಿಟ್ಟು ಕೋಟು ತೆಗೆದರು. ನೆಟ್ಟಗೆ ನಿಂತರು.

“ನಾಕಾದೆ-ಸಾನ್. ಕ್ಯೂಕೋನ್ ಶಿತಾಯ್ ದೆಸು.”

ಆಕೆಯ ತುಟಿಯಲ್ಲಿ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಕಣ್ಣು ಕುಂಡದ ಮೇಲೆ ಬಿತ್ತು. ತಾವೇ ಆರಿಸಿ ಕೈಯಲ್ಲಿಟ್ಟ ಆರು ಕ್ರೋಕಸ್. ಹೊರಗಿನ ಮಳೆ ನೋಡಿದರು, ಅರಳಿ ನಿಂತ ಹೂವು ನೋಡಿದರು, ನಮ್ಮಿಬ್ಬರ ಬೆವರಿಳಿಯುವ ಮುಖ ನೋಡಿದರು. ನಗು ಬರಲಿಲ್ಲ. ಮೊದಲ ದಿನದ ಅದೇ ಗಂಭೀರ ಸ್ವರದಲ್ಲಿ ಕೇಳಿದರು.

“ಎಷ್ಟು?”

“ಒಂದೇ,” ಎಂದರು ಈರಣ್ಣ.

“ಬಣ್ಣ?”

ಇದಕ್ಕೆ ಉತ್ತರ ಅಭ್ಯಾಸ ಮಾಡಿರಲಿಲ್ಲ. ನನ್ನ ಕಡೆ ತಿರುಗುತ್ತಾರೇನೋ ಎಂದು ನಾನು ಪ್ರಾಂಪ್ಟ್ ಮಾಡಲು ಸಿದ್ಧವಾದೆ. ಅವರು ತಿರುಗಲಿಲ್ಲ. ವ್ಯಾಕರಣವಿಲ್ಲದ ಜಪಾನಿಯಲ್ಲಿ, ಆರಿಸುವುದು ನಿಮಗೇ ಬಿಟ್ಟದ್ದು ಎಂದರು.

ನಾಕಾದೆ-ಸಾನ್ ಕೈಗವಸು ಬಿಚ್ಚಿದರು. ಮೇಜಿನ ಮೇಲಿದ್ದ ಈರಣ್ಣನವರ ಕೈ ತೆಗೆದುಕೊಂಡು, ಗೆಡ್ಡೆಯನ್ನು ನೋಡುವ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಎರಡು ಚಳಿಗಾಲ ಆಯಿತು, ಸಾಕು ಎಂದು ಮೆಲ್ಲಗೆ ಹೇಳಿದರು. ಆಮೇಲೆ ಕೈ ಬಿಡದೆಯೇ ಬಾಗಿದರು.

“ಕಾಶಿಕೊಮಾರಿಮಾಶಿತಾ.”

ಕುಂಡ ಆಕೆಯ ಜೊತೆ ಒಸಾಕಾಗೆ ಹೋಯಿತು. ಈರಣ್ಣ ಈಗ ವಾರ ಬಿಟ್ಟು ವಾರ ಪಕ್ಕದ ಊರು ಕೊಮಾತ್ಸುವಿನಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿ, ತ್ಸುರುಗಾದಲ್ಲಿ ಗಾಡಿ ಬದಲಿಸಿ ಹೋಗಿ ಬರುತ್ತಾರೆ. ಅಲ್ಲಿ ಡ್ಯಾಫೊಡಿಲ್ ಆಗಿ, ಟ್ಯೂಲಿಪ್‌ಗಳೂ ಶುರುವಾದ ಮೇಲೆ, ಹೋದ ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ತಾಯಿಗೆ ಅವರು ಅದುವರೆಗೂ ಹೇಳಿರಲಿಲ್ಲ. ಹೇಳುವಾಗ ನಡುವೆ ಮಾತು ನಿಂತರೆ ಇರಲಿ ಎಂದು ದುಭಾಷಿಯಾಗಿ ನಾನು. ನಾಕಾದೆ-ಸಾನ್ ಮನೆಯ ಬೆರಂದಾದಲ್ಲಿ, ಜಾಲರಿಯಂಚಿನ ಗುಲಾಬಿ ಟ್ಯೂಲಿಪ್‌ಗಳ ಮುಂದೆ ಮೂವರೂ ಒತ್ತಿಕೊಂಡು ಕೂತು ಹಿರಿಯೂರಿಗೆ ವೀಡಿಯೋ ಕಾಲ್ ಮಾಡಿದೆವು. ತೆರೆಯ ಮೇಲೆ ಕಮಲಾಕ್ಷಮ್ಮ ಬಂದ ಕೂಡಲೇ ನಾಕಾದೆ-ಸಾನ್ ಕೈ ಮುಗಿದು, “ಊತಾ ಆಯ್ತಾ?” ಎಂದರು.

ಕಮಲಾಕ್ಷಮ್ಮ ಮಗನನ್ನು ನೋಡಿದರು, ಆಕೆಯನ್ನು ನೋಡಿದರು, ಹಿಂದಿನ ಹೂವು ನೋಡಿದರು. ಅವರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಕಣ್ಣೊರೆಸಿಕೊಂಡು, ಆಯ್ತಮ್ಮ, ನಿಂದಾಯ್ತಾ ಎಂದರು. ಆಮೇಲೆ ಮಗನ ಕಡೆ ತಿರುಗಿ ಹುಡುಗಿಯ ಹೆಸರೇನು ಎಂದು ಕೇಳಿದರು.

“ನಾಕಾದೆ, ಅಮ್ಮ.”

ಆ ಕಡೆಯ ಮುಖ ತೆರೆಗೆ ಇನ್ನಷ್ಟು ಹತ್ತಿರ ಬಂತು.

“ಮೊದ್ಲು ಇಬ್ರಾಗಪ್ಪ,” ಎಂದರು ಕಮಲಾಕ್ಷಮ್ಮ. “ನಾಕಾಗೋದು ಆಮೇಲೆ ನೋಡೋಣ.”

ನಾನು ನಕ್ಕು ನಕ್ಕು ಕುಂಡಕ್ಕೆ ಒರಗಿದೆ. ನಾಕಾದೆ-ಸಾನ್ ನನ್ನ ತೋಳು ಹಿಡಿದು, ಅತ್ತೆ ಏನಂದರು ಹೇಳು ಎಂದು ಕೇಳಿದರು. ನಾನು ನಗು ತಡೆದು ಬಾಯಿ ತೆರೆಯುವಷ್ಟರಲ್ಲಿ ಈರಣ್ಣ ಆಕೆಯ ಕಡೆ ತಿರುಗಿ, ತಾವೇ ಹೇಳತೊಡಗಿದರು.